ಒಳಗೆ ಇರುವವರು: ಸೊನ್ನೆ

ಆ ಮಧ್ಯಾಹ್ನ ಲ್ಯಾಪ್‌ಟಾಪಿನ ಪರದೆಯ ಮೇಲಿದ್ದ ಅಂಕಿ ಸೊನ್ನೆ. ಆ ಚೌಕದ ಎಡಕ್ಕೆ ನಾನೇ ದಪ್ಪ ಅಕ್ಷರದಲ್ಲಿ ‘ಒಳಗೆ ಇರುವವರು’ ಎಂದು ಬರೆದಿದ್ದೆ. ಅದನ್ನು ಫೋನಿನಲ್ಲಿ ಓದಿ ಹೇಳುವಾಗ ನಾನು ಒಳಗೇ ಇದ್ದೆ. ಪಕ್ಕದಲ್ಲಿ ಗೇಟಿನ ಕಾಕಾ ಇದ್ದರು. ಕ್ಯಾಬಿನ್ನಿನ ಗಾಜಿನಾಚೆ, ಕಾರಿಡಾರಿನಲ್ಲಿ, ಬಿಳಿ ಹೊಗೆಯಂಥದ್ದು ಚಾವಣಿಯಿಂದ ಕೆಳಗಿಳಿಯುತ್ತಿತ್ತು.

ಅದು ಮನಗೂಳಿಯಿಂದ ಸ್ವಲ್ಪ ದೂರದ ಒಣದ್ರಾಕ್ಷಿಯ ಕೋಲ್ಡ್ ಸ್ಟೋರೇಜ್. ಬೇಸಿಗೆ ಶುರುವಾಗುವ ಹೊತ್ತಿಗೆ ರೈತರ ಶೆಡ್ಡುಗಳಿಂದ ಮಾಲು ಬರತೊಡಗುತ್ತದೆ. ಹೆಣ್ಣುಮಕ್ಕಳು ಕಡ್ಡಿ, ಕಸ ಆರಿಸಿ ಡಬ್ಬಿ ತುಂಬುತ್ತಾರೆ, ಹಮಾಲರು ಡಬ್ಬಿಗಳನ್ನು ತಣ್ಣನೆಯ ಕೋಣೆಗಳಲ್ಲಿ ಒಟ್ಟುತ್ತಾರೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಹೀಗೆ ನಾಲ್ಕೂ ಕಡೆಯ ಹಳ್ಳಿಗಳಿಂದ ಆಳುಗಳು ದಿನಾ ಕ್ರೂಸರ್ ಗಾಡಿಯಲ್ಲಿ ಬಂದು ಹೋಗುತ್ತಾರೆ. ನಾನು ಬಿ.ಕಾಂ. ಮುಗಿಸಿ ಅಲ್ಲಿ ಮಾಲಿನ ಆವಕ, ಜಾವಕ, ಅಂದರೆ ಬಂದದ್ದು ಹೋದದ್ದರ ಲೆಕ್ಕ, ನೋಡಿಕೊಳ್ಳುತ್ತಿದ್ದೆ.

ಆಳುಗಳ ಹಾಜರಿ ಕಾಕಾ ಅವರ ಕೆಲಸ. ತಾಲೂಕು ಕಚೇರಿಯಲ್ಲಿ ಸಿಪಾಯಿಯಾಗಿ ನಿವೃತ್ತರಾದವರು. ಕಾರಿಡಾರಿನ ಆರಂಭದಲ್ಲಿರುವ ಕ್ಯಾಬಿನ್ನಿನಲ್ಲಿ ಕೂತು, ಒಳಗೆ ಹೋಗುವವರನ್ನೂ ಹೊರಗೆ ಬರುವವರನ್ನೂ ಗಾಜಿನ ಕಿಂಡಿಯಿಂದ ನೋಡಿ ರಿಜಿಸ್ಟರಿನಲ್ಲಿ ಬರೆಯುತ್ತಿದ್ದರು. ಈ ವರ್ಷ ಮ್ಯಾನೇಜರ್ ಅದನ್ನು ಕಂಪ್ಯೂಟರಿಗೆ ಹಾಕಿಸಬೇಕೆಂದು ಹಟ ಹಿಡಿದರು. ಕಲಿಸುವ ಪಾಳಿ ನನಗೆ ಬಂತು.

ಕಂಪ್ಯೂಟರಿನ ಲೆಕ್ಕದ ಹಾಳೆ ಸರಳವಾಗಿತ್ತು. ಹೆಸರು, ತಾಲೂಕು, ಒಳಗೆ ಹೋದ ಹೊತ್ತು, ಹೊರಗೆ ಬಂದ ಹೊತ್ತು. ಮೇಲ್ಗಡೆ ಮೂರು ಲೆಕ್ಕದ ಚೌಕ: ಬಂದವರು, ಹೋದವರು, ಒಳಗೆ ಇರುವವರು. ಬಂದವರಲ್ಲಿ ಹೋದವರನ್ನು ಕಳೆದರೆ ಒಳಗೆ ಇರುವವರು. ಮೊದಲ ಪಾಠ ಕೌಂಟ್ ಎಂಬ ಸೂತ್ರ. ಸಮ ಚಿಹ್ನೆ ಹಾಕಿ, ಕೌಂಟ್ ಎಂದು ಬರೆದು, ಯಾವ ಚೌಕದಿಂದ ಯಾವ ಚೌಕದವರೆಗೆ ಎಂದು ಹೇಳಿದರೆ ಆ ಸಾಲಿನಲ್ಲಿ ಅಂಕಿಯಿರುವ ಚೌಕಗಳನ್ನು ಅದು ಎಣಿಸುತ್ತದೆ. ಅಂಕಿಯನ್ನು ಮಾತ್ರ, ಅಕ್ಷರ ಬೆರೆತರೆ ಬಿಟ್ಟುಬಿಡುತ್ತದೆ.

ನಾನು ಹಾಗೆಂದು ಮುಗಿಸುವಷ್ಟರಲ್ಲಿ ಕಾಕಾ ಹೊತ್ತು ಬರೆದಾಗಿತ್ತು. 12.40 ಎಂದು ಬರೆದು, ಚುಕ್ಕಿ ಇಟ್ಟು ಪಿ.ಎಂ. ಎಂದೂ ಸೇರಿಸಿದ್ದರು. ಕೌಂಟ್ ಸೊನ್ನೆ ತೋರಿಸಿತು.

“ಪಿ.ಎಂ. ಬ್ಯಾಡ ಕಾಕಾ, ಬರೇ ಹೊತ್ತ ಬರೀರಿ,” ಅಂದೆ.

“ಹಂಗ ಹೆಂಗ ಆಕ್ಕೈತಿ? ನಡುರಾತ್ರಿನೋ ನಡುಮಧ್ಯಾಹ್ನನೋ ಅದಕ್ಕ ತಿಳಿಬೇಕಲ್ಲ.”

“ರಾತ್ರಿ ಇಲ್ಲಿ ಯಾರ ಬರ್ತಾರ?”

“ಯಾರೂ ಬರೂದಿಲ್ಲ ಅಂತ ಸರಕಾರದಾಗ ಬರದ ಕೊಡಾಕ ಬರೂದಿಲ್ಲ ತಂಗಿ.”

ಎರಡು ದಿನ ಹಗ್ಗಜಗ್ಗಾಟ ನಡೆಯಿತು. ಅವರ ಕೈ ಪಿ.ಎಂ. ಬಿಡಲಿಲ್ಲ. ಕೊನೆಗೆ ನಾನೇ ಸೂತ್ರ ಬದಲಿಸಿದೆ. ಕೌಂಟ್ ಇದ್ದಲ್ಲಿ ಕೌಂಟ್‌ಎ ಹಾಕಿದೆ. ಕೌಂಟ್‌ಎ ಅಂಕಿಯೋ ಅಕ್ಷರವೋ ಕೇಳುವುದಿಲ್ಲ. ಚೌಕದಲ್ಲಿ ಏನಾದರೂ ಇದ್ದರೆ ಎಣಿಸುತ್ತದೆ. ಹೊರಗೆ ಬಂದ ಹೊತ್ತು ಯಾರದಿದೆಯೋ ಅವರು ಹೋದವರು, ಯಾರದು ಖಾಲಿಯೋ ಅವರು ಒಳಗಿನವರು. ಖಾಲಿ ಚೌಕಗಳನ್ನು ಎಣಿಸಲು ಕೌಂಟ್‌ಬ್ಲ್ಯಾಂಕ್ ಇದೆ. ತಾಳೆ ನೋಡಲು ಅದನ್ನೂ ಕೆಳಗೊಂದು ಮೂಲೆಯಲ್ಲಿ ಇಟ್ಟೆ. ಸಂಜೆ ಯಾವ ಗಾಡಿಗೆ ಎಷ್ಟು ಮಂದಿ ಎಂದು ತಿಳಿಯಲು ಕೌಂಟ್‌ಇಫ್ ಹಾಕಿದೆ. ಅದಕ್ಕೆ ಸಾಲನ್ನೂ ಹೇಳಬೇಕು, ಏನನ್ನು ಹುಡುಕಬೇಕೆಂದೂ ಹೇಳಬೇಕು. ತಾಲೂಕಿನ ಸಾಲಿನಲ್ಲಿ ‘ಸಿಂದಗಿ’ ಹುಡುಕು ಅಂದರೆ ಸಿಂದಗಿಯವರ ಎಣಿಕೆ ಬರುತ್ತದೆ. ಇದು ಕಾಕಾಗೆ ಬಹಳ ಹಿಡಿಸಿತು. “ಹೆಸರ ಹಿಡದ ಕರದ್ರ ಕೈ ಎತ್ತತಾರಲ್ಲ ಸಾಲ್ಯಾಗ, ಹಂಗ,” ಅಂದರು.

ಮೊದಲ ವಾರ ಅವರು ಹಗಲೆಲ್ಲ ರಿಜಿಸ್ಟರಿನಲ್ಲಿ ಬರೆದು, ಸಂಜೆ ಎಲ್ಲರೂ ಹೋದ ಮೇಲೆ ಕಂಪ್ಯೂಟರಿಗೆ ಇಳಿಸುತ್ತಿದ್ದರು. ಬಂದವರೂ ಹೋದವರೂ ದಿನಾ ಸಮವಾಗುತ್ತಿದ್ದರು. ಆಗದೆ ಏನು, ಸಂಜೆ ಯಾರೂ ಉಳಿದಿರುತ್ತಿರಲಿಲ್ಲ. ಆ ದಿನ ಮೊದಲ ಸಲ ರಿಜಿಸ್ಟರ್ ಬದಿಗಿಟ್ಟು ಬೆಳಿಗ್ಗೆಯಿಂದ ನೇರವಾಗಿ ಹಾಳೆಯಲ್ಲೇ ತುಂಬಿದ್ದರು. ನಾನು ಬೆಳಿಗ್ಗೆ ಪೂರ್ತಿ ಮೇಲಿನ ಮಹಡಿಯಲ್ಲಿ ತೂಕದ ಬಳಿ ಇದ್ದೆ. ಊಟದ ಹೊತ್ತಿಗೆ ಕ್ಯಾಬಿನ್ನಿಗೆ ಬಂದು ಬುತ್ತಿ ಬಿಚ್ಚಿದೆ. ಆಳುಗಳು ಊಟಕ್ಕೆ ಹೊರಗೆ ಹೋಗಿದ್ದರು. ಪರದೆ ನೋಡಿದೆ. ಬಂದವರು ನಲವತ್ತಮೂರು, ಹೋದವರು ನಲವತ್ತಮೂರು, ಒಳಗೆ ಸೊನ್ನೆ. ಕಾಕಾ ಕಲಿತರು ಅಂತ ಖುಷಿಪಟ್ಟೆ.

ಮೊದಲು ಕೇಳಿಸಿದ್ದು ಹಬೆ ಬಿಟ್ಟಂಥ ಸಪ್ಪಳ. ಕುಕ್ಕರಿನ ಸೀಟಿ ಬಿಡದೆ ಕೂಗಿದ ಹಾಗೆ. ಆಮೇಲೆ ವಾಸನೆ. ಕೋಣೆಗಳನ್ನು ತಣ್ಣಗಿಡಲು ಪೈಪಿನಲ್ಲಿ ಹರಿಯುವ ಅಮೋನಿಯಾ ಅದು; ಮೂಗಿಗಿಂತ ಮೊದಲು ಕಣ್ಣಿಗೆ ಬರುತ್ತದೆ. ಕಣ್ಣು ತಾನಾಗಿ ಮುಚ್ಚಿಕೊಂಡಿತು. ಕಾಕಾ ಬಾಗಿಲು ಅರ್ಧ ತೆರೆದು ತಕ್ಷಣ ಎಳೆದುಕೊಂಡರು. ಹೊರಗಿನ ಶಟರಿಗೂ ನಮಗೂ ನಡುವೆ, ಚಾವಣಿಯ ಪೈಪಿನ ಜೋಡಣೆಯೊಂದು ಬಿಟ್ಟುಕೊಂಡಿತ್ತು. ಹೊರಗೆ ಹೋಗಲು ಇದ್ದದ್ದು ಅದೇ ದಾರಿ.

ಕ್ಯಾಬಿನ್ನಿಗೆ ಅಂಗಳದ ಕಡೆ ಒಂದು ಕಿಟಕಿಯಿದೆ, ಕಬ್ಬಿಣದ ಸರಳಿನದು. ತೆರೆಯಲು ಹೋದೆ. ಗಾಳಿ ಶಟರಿನಿಂದ ಹೊರಬಿದ್ದ ಗ್ಯಾಸನ್ನು ಅದೇ ಕಡೆಗೆ ತರುತ್ತಿತ್ತು. ಮುಚ್ಚಿದೆ. ಕುಡಿಯುವ ನೀರಿನ ಕ್ಯಾನಿನಿಂದ ನನ್ನ ವೇಲನ್ನೂ ಕಾಕಾ ಅವರ ಟವೆಲನ್ನೂ ತೋಯಿಸಿ ಮುಖಕ್ಕೆ ಕಟ್ಟಿಕೊಂಡೆವು. ಮೇಜಿನ ಬಟ್ಟೆ, ಖಾಲಿ ಚೀಲ, ಕೊನೆಗೆ ಹಳೆಯ ರಿಜಿಸ್ಟರಿನ ಹಾಳೆ ಕೂಡ ಹರಿದು ನೆನೆಸಿ ಬಾಗಿಲಿನ ಸಂದಿಗೆ ತುರುಕಿದೆವು. ಹೊರಗಿನ ಯಂತ್ರದ ಕೋಣೆಯವನು ಕರೆಂಟ್ ತೆಗೆದನೇನೋ, ಫ್ಯಾನು ನಿಂತಿತು. ಲ್ಯಾಪ್‌ಟಾಪ್ ಬ್ಯಾಟರಿಯ ಮೇಲೆ ಉಳಿಯಿತು.

ಮ್ಯಾನೇಜರ್ ಫೋನು ಬಂತು. ಅವರು ಗೇಟಿನಾಚೆ, ರಸ್ತೆಯ ಮೇಲಿದ್ದರು.

“ಎಲ್ಲಿದ್ದೀರಿ?”

“ಕ್ಯಾಬಿನ್ನದಾಗ ಸರ್. ನಾನು, ಕಾಕಾ.”

“ಹೆದರಬ್ಯಾಡ್ರಿ. ಅಗ್ನಿಶಾಮಕದವರಿಗೆ ಹೇಳೇವಿ, ಹೊಂಟಾರ. ಲೇಬರ್ ಎಷ್ಟ ಮಂದಿ ಒಳಗ ಅದಾರ? ಇಲ್ಲಿ ಎಣಸಾಕ ಆಗವಲ್ದು. ಒಂದಿಷ್ಟ ಮಂದಿ ಖಾನಾವಳಿಗೆ ಹೋಗ್ಯಾರ, ಒಂದಿಷ್ಟ ಮಂದಿ ವಾಸನಿಗೆ ಹೊಲದಾಗ ಓಡ್ಯಾರ. ನಿಮ್ಮ ಶೀಟ್ ಏನ್ ಹೇಳತೈತಿ?”

ನಾನು ಮೂಲೆಯ ಕೌಂಟ್‌ಬ್ಲ್ಯಾಂಕ್ ಕೂಡ ನೋಡಿದೆ. ಒಂದೂ ಚೌಕ ಖಾಲಿ ಇರಲಿಲ್ಲ. “ಯಾರೂ ಇಲ್ಲ ಸರ್. ಸೊನ್ನೆ.”

“ಪಕ್ಕಾ?”

“ಎರಡ ಕಡೆ ತಾಳೆ ನೋಡೇನಿ ಸರ್.”

ಈ ಮಾತು ಈಗಲೂ ಕಿವಿಯಲ್ಲಿದೆ. ಎರಡು ಕಡೆ ನೋಡಿದ್ದು ನಿಜ. ಎರಡೂ ಕಡೆ ಕೇಳಿದ್ದು ಒಂದೇ ಪ್ರಶ್ನೆ, ಚೌಕ ಖಾಲಿಯೋ ಅಲ್ಲವೋ.

ಆಮೇಲೆ ಕೂತೆವು, ನೆಲದ ಮೇಲೆ. ಬಾಗಿಲಿನ ಕಡೆ ಬೆನ್ನು ಮಾಡಬಾರದೆಂದು ಕಾಕಾ ಹೇಳಿದರು. ಯಾಕೆಂದು ನನಗೂ ಅವರಿಗೂ ಗೊತ್ತಿರಲಿಲ್ಲ. ಗಾಜು ಮಂಜು ಹಿಡಿದು ಬೆಳ್ಳಗಾಯಿತು. ಉಸಿರು ಸಣ್ಣದಾಗಿ ತೆಗೆದುಕೊಳ್ಳಬೇಕು, ಕೆಮ್ಮು ಬಂದರೆ ನುಂಗಬೇಕು, ವೇಲು ಒಣಗುವ ಮೊದಲೇ ನೀರು ಹಾಕಬೇಕು. ಕ್ಯಾನಿನಲ್ಲಿ ಎಷ್ಟು ನೀರಿದೆ ಎಂದು ಅಲ್ಲಾಡಿಸಿ ನೋಡುವ ಧೈರ್ಯ ನನಗೆ ಆಗಲಿಲ್ಲ. ಮುಟ್ಟಲು ಹೋಗಿ ಕೈ ಹಿಂದೆ ಎಳೆದುಕೊಂಡೆ. ಕಾಕಾ ಅದನ್ನು ನೋಡಿದರು.

“ಯಾಕ ಹೆದರ್ತಿ ತಂಗೆವ್ವಾ. ನಾವಿಬ್ಬರ ಅದೇವಿ, ಇಬ್ಬರ್ನ ತಗಿಯೂದ ಏನ್ ದೊಡ್ಡದು? ಪುಣ್ಯಾಕ ಮತ್ತ ಯಾರೂ ಇಲ್ಲ. ಸೊನ್ನಿ ಐತಲ್ಲ.”

“ಹೌದು ಕಾಕಾ.”

“ಮುಂಜಾನಿಯಿಂದನ ಸೊನ್ನಿ ಐತಿ.”

ನಾನು ಅವರ ಮುಖ ನೋಡಿದೆ. ಟವೆಲಿನ ಮೇಲೆ ಕೆಂಪಾದ ಎರಡು ಕಣ್ಣು.

“ಮುಂಜಾನಿಯಿಂದ ಅಂದ್ರ?”

“ಎಲ್ಲಾರೂ ಒಳಗ ಹೋದ ಮ್ಯಾಲೆ ನೋಡಿದ್ನಿ. ಆಗೂ ಸೊನ್ನಿ ಇತ್ತು. ಇದು ಸಂಜಿಕ ತಿರಗತೈತೇನೋ ಅಂತ ಸುಮ್ಮ ಇದ್ನಿ.”

ಎಲ್ಲರೂ ಒಳಗಿರುವಾಗ ಒಳಗಿರುವವರು ಸೊನ್ನೆ ಆಗುವುದು ಹೇಗೆ? ಎದ್ದು ಮೇಜಿನ ಹತ್ತಿರ ಹೋದೆ. ಹಾಳೆಯನ್ನು ಕೆಳಕ್ಕೆ ಸರಿಸಿದೆ. ಹೊರಗೆ ಬಂದ ಹೊತ್ತಿನ ಸಾಲಿನಲ್ಲಿ 1.05 ಪಿ.ಎಂ., 1.05 ಪಿ.ಎಂ., 1.10 ಪಿ.ಎಂ. ಅವುಗಳ ನಡುವೆ ಒಂದು ಕಡೆ ಚಿಕ್ಕ ಅಡ್ಡಗೆರೆ.

“ಕಾಕಾ, ಈ ಗೆರಿ ಏನು?”

“ಅದಾ? ಒಳಗ ಹೋಗುವಾಗ ಹಾಕೂದು. ಹೊರಗ ಬಂದ್ರ ಅದನ್ನ ಅಳಿಸಿ ಹೊತ್ತ ಬರೀತೇನಿ. ಜಾಗಾ ಖಾಲಿ ಬಿಡಬಾರದಲ್ಲ. ಖಾಲಿ ಬಿಟ್ಟಲ್ಲಿ ನಾಳೆ ಯಾವನರ ಏನರ ತುರಕತಾನ. ನಮ್ಮ ಕಚೇರ್ಯಾಗ ಖಾಲಿ ಬಿಟ್ರ ಸಾಹೇಬ್ರು ರಿಜಿಸ್ಟರ್ ಒಗೀತಿದ್ರು.”

ಕಚೇರಿಯ ಕಾಗದ ನೋಡಿದ ಯಾರಿಗಾದರೂ ಗೊತ್ತಿರುವ ರೂಢಿ ಅದು. ಬರೆಯಲು ಏನೂ ಇಲ್ಲದಿದ್ದರೆ ಗೆರೆ ಎಳೆ. ಅವರಿಗೆ ಆ ಗೆರೆಯ ಅರ್ಥ ‘ಇನ್ನೂ ಏನಿಲ್ಲ’. ಕೌಂಟ್‌ಎಗೆ ಅದು ಚೌಕದಲ್ಲಿರುವ ಒಂದು ವಸ್ತು, 1.05ರ ಹಾಗೆಯೇ ಅದೂ ಒಂದು. ಅದು ಗೆರೆಗಳನ್ನೆಲ್ಲ ಎಣಿಸಿ, ಇವರೂ ಹೋದರು ಅಂದಿತ್ತು. ಖಾಲಿ ಎಣಿಸುವ ಕೌಂಟ್‌ಬ್ಲ್ಯಾಂಕಿಗೂ ಅದು ಖಾಲಿಯಲ್ಲ.

ಎರಡು ಬೆರಳಿನಿಂದ ಹೊಸ ಸೂತ್ರ ಬರೆದೆ. ಕೌಂಟ್‌ಇಫ್, ಹೊರಗೆ ಬಂದ ಹೊತ್ತಿನ ಸಾಲು, ಹುಡುಕಬೇಕಾದ್ದು ಉದ್ಧರಣ ಚಿಹ್ನೆಯೊಳಗೆ ಒಂದು ಅಡ್ಡಗೆರೆ. ಕಣ್ಣೀರಿನಿಂದ ಕೀಲಿ ಕಾಣದೆ ಒಮ್ಮೆ ತಪ್ಪಾಯಿತು. ಎರಡನೇ ಸಲಕ್ಕೆ ಬಂತು. ನಾಲ್ಕು.

“ನಾಕ ಮಂದಿ ಒಳಗ ಅದಾರ ಕಾಕಾ.”

ಕಾಕಾ ತಲೆ ಅಲ್ಲಾಡಿಸಿದರು. “ಅದಾರ ಅನ್ನಾಕ ಬರೂದಿಲ್ಲ. ಊಟದ ಹೊತ್ತಿನ್ಯಾಗ ಗದ್ದಲಿತ್ತು. ಒಂದೆರಡ ಅಳಸೂದ ಬಿಟ್ಟಿರಬಹುದು.”

ನಾಲ್ಕು ಅನ್ನುವುದೂ ಪಕ್ಕಾ ಅಂಕಿಯಾಗಿರಲಿಲ್ಲ. ಹೊರಗಿದ್ದವರು ನಲವತ್ತಮೂರು ಮಂದಿಯನ್ನು ಎಣಿಸಲಾರರು. ಆದರೆ ಒಬ್ಬ ಡ್ರೈವರ್ ತನ್ನ ಗಾಡಿಯವರನ್ನು ಮುಖ ನೋಡಿ ಹೇಳಬಲ್ಲ. ಕೌಂಟ್‌ಇಫ್ಸ್ ಹಾಕಿದೆ. ಅದಕ್ಕೆ ಎರಡು ಷರತ್ತು ಕೊಡಬಹುದು: ತಾಲೂಕು ಇದಾಗಿರಬೇಕು, ಅದೇ ಹೆಸರಿನ ಮುಂದೆ ಗೆರೆಯೂ ಇರಬೇಕು. ಇಂಡಿ, ಸೊನ್ನೆ. ಬಾಗೇವಾಡಿ, ಸೊನ್ನೆ. ಮುದ್ದೇಬಿಹಾಳ, ಒಂದು. ಸಿಂದಗಿ, ಮೂರು.

ಮುದ್ದೇಬಿಹಾಳ ಗಾಡಿಯ ಡ್ರೈವರಿಗೆ ಫೋನು ಮಾಡಿ ಹೆಸರು ಹೇಳಿದೆ. “ಇಲ್ಲೇ ನಿಂತಾನಲ್ರಿ ನನ್ನ ಬಾಜೂಕ. ರೊಟ್ಟಿ ಕೈಯಾಗ ಹಿಡಕೊಂಡ ಓಡಿ ಬಂದಾನ,” ಅಂದ. ಆ ಒಂದು ಗೆರೆ ಕಾಕಾ ಮರೆತದ್ದು. ಸಿಂದಗಿ ಡ್ರೈವರಿಗೆ ಮೂರು ಹೆಣ್ಣುಮಕ್ಕಳ ಹೆಸರು ಓದಿದೆ. ಅವನು ಅಲ್ಲೇ ಕೂಗಿ ಕೇಳುವುದು ನನಗೆ ಕೇಳಿಸುತ್ತಿತ್ತು. ತಿರುಗಿ ಬಂದು, “ಕಾಣವಲ್ರು ಅಕ್ಕಾರ. ಹೊಲದ ಕಡಿಗೆ ಹೋಗ್ಯಾರೇನ ನೋಡತೇನಿ ತಡೀರಿ. ಅದರಾಗೊಬ್ಬಾಕೀ ನಂಬರ್ ಐತಿ, ಹಚ್ಚತೇನಿ,” ಅಂದ.

ನಾನು ಕಿವಿಗೆ ಫೋನು ಹಿಡಿದು ಕೂತಿದ್ದೆ. ಆಗ ಗಾಜಿನಾಚೆ ಒಂದು ಮೊಬೈಲು ರಿಂಗಾಯಿತು.

ಕಾರಿಡಾರಿನ ಗೋಡೆಗೆ ಮೊಳೆ ಹೊಡೆದಿದೆ. ಆಳುಗಳು ಕೋಣೆಗೆ ಹೋಗುವ ಮುಂಚೆ ಕೈಚೀಲ ಅಲ್ಲಿ ತೂಗುಹಾಕುತ್ತಾರೆ. ಊಟಕ್ಕೆ ಹೋಗುವಾಗ ತೆಗೆದುಕೊಂಡು ಹೋಗುತ್ತಾರೆ. ಆ ಬಿಳಿ ಹೊಗೆಯೊಳಗೆ, ಎಲ್ಲೋ ಒಂದು ಚೀಲದಲ್ಲಿ, ಅದು ರಿಂಗಾಗಿ ರಿಂಗಾಗಿ ನಿಂತಿತು. ಮತ್ತೆ ರಿಂಗಾಯಿತು.

“ಎತ್ತವಲ್ಲಳು,” ಅಂದ ಡ್ರೈವರ್.

“ಗೊತ್ತಾತು,” ಅಂದೆ.

ಆ ಹೊತ್ತಿಗೆ ಅಗ್ನಿಶಾಮಕದವರು ಬಂದಿದ್ದರು. ಅವರು ಶಟರಿನ ಬಾಯಿಗೆ ನೀರು ಸಿಡಿಸತೊಡಗಿದ್ದು ಮಳೆ ಬಿದ್ದಂತೆ ಕೇಳಿಸಿತು. ಅವರ ಅಧಿಕಾರಿ ಮ್ಯಾನೇಜರ್ ಫೋನಿನಿಂದ ಮಾತಾಡಿದರು. ದನಿ ನಿಧಾನ.

“ಮೇಡಂ, ಉಸಿರಾಟದ ಸೆಟ್ ನಮ್ಮ ಹತ್ರ ಎರಡ ಅದಾವ. ಇನ್ನೊಂದ ಗಾಡಿ ಹೊಂಟೈತಿ, ಹೊತ್ತ ಹಿಡಿತೈತಿ. ಈಗ ಇಬ್ಬರ್ನ ಕಳಸತೇನಿ. ಕಿಟಕಿ ಸರಳ ಕೊಯ್ದು ನಿಮ್ಮನ್ನ ತಗೀತಾರ. ಕಿಟಕಿಯಿಂದ ದೂರ ನಿಂದರ್ರಿ.”

ಕಿಟಕಿಯಾಚೆ ಬಿಸಿಲಿತ್ತು. ಸರಳುಗಳ ನೆರಳು ನನ್ನ ಕಾಲ ಮೇಲೆ ಬಿದ್ದಿತ್ತು. ನಾನು ತಕ್ಷಣ ಹೇಳಲಿಲ್ಲ. ಅಧಿಕಾರಿ ಎರಡು ಸಲ ಹಲೋ ಅಂದರು.

“ಸರ್, ಒಳಗ ಮೂರ ಮಂದಿ ಹೆಣ್ಮಕ್ಕಳ ಅದಾರ. ನಾ ಮೊದಲ ಸೊನ್ನೆ ಅಂದಿದ್ದು ತಪ್ಪು.”

“ಖಾತ್ರಿ ಏನ್ರಿ?”

“ಅವರು ಹೊರಗ ಬಂದಿಲ್ಲ. ಒಬ್ಬಾಕೀ ಫೋನ್ ಇಲ್ಲೇ ರಿಂಗ್ ಆಗಾಕತ್ತೈತಿ. ಇದಕ್ಕಿಂತ ಹೆಚ್ಚ ನನಗ ಗೊತ್ತಿಲ್ಲ.”

“ಅವರ ಕಡೆ ಹೋದ್ರ ಸಿಲಿಂಡರ್ ಅಲ್ಲೇ ಮುಗಿತಾವ. ನೀವು ಎರಡನೇ ಗಾಡಿ ಬರೂತನಕ ತಡಕೋಬೇಕಾಕ್ಕೈತಿ. ವಿಚಾರ ಮಾಡಿ ಹೇಳ್ರಿ.”

ಕಾಕಾ ಕೈ ಚಾಚಿ ಫೋನು ತೆಗೆದುಕೊಂಡರು. “ಸಾಹೇಬ್ರ, ನಮ್ಮಲ್ಲಿ ನೀರ ಐತಿ. ನಾವು ಕುಂತೇವ್ರಿ. ನಾಕನೇ ಖೋಲಿ ನೋಡ್ರಿ ಮೊದಲ, ಎಡಕ್ಕ ಕಡೀದು. ಮುಂಜಾನಿ ಅವರನ್ನ ಅಲ್ಲೇ ಕೆಲಸಕ್ಕ ಹಚ್ಚಿದ್ರು.” ಫೋನು ನನಗೆ ಕೊಟ್ಟು ಮತ್ತೆ ನೆಲದ ಮೇಲೆ ಕೂತರು. “ನಿನ್ನ ಕೇಳಲಿಲ್ಲ ನಾ,” ಅಂದರು.

“ಕೇಳೂದೇನೈತಿ ಕಾಕಾ.”

ಬೂಟಿನ ಸಪ್ಪಳ ನಮ್ಮ ಬಾಗಿಲ ಮುಂದೆಯೇ ಹಾದು ಹೋಯಿತು. ಗಾಜಿನಲ್ಲಿ ಎರಡು ಮಸುಕು ಆಕಾರ. ಒಂದು ಕ್ಷಣ ನಿಂತಂತೆ ಅನಿಸಿತು. ಬಾಗಿಲು ತೆರೆದು ಹೊರಗೆ ಹೋದರೆ ಅವರ ಕೈ ಹಿಡಿಯುವಷ್ಟು ಹತ್ತಿರ. ನಾನು ಹಿಡಿಕೆಯ ಮೇಲೆ ಕೈಯಿಟ್ಟಿದ್ದೆ ಎಂದು ಕಾಕಾ ಆಮೇಲೆ ಹೇಳಿದರು. ನನಗೆ ನೆನಪಿಲ್ಲ. ನೆನಪಿರುವುದು ಅವರ ಕೈ ನನ್ನ ಮಣಿಕಟ್ಟಿನ ಮೇಲಿದ್ದದ್ದು ಮತ್ತು ಬೂಟಿನ ಸಪ್ಪಳ ದೂರವಾದದ್ದು.

ಕಾಯುವ ಹೊತ್ತಿನಲ್ಲಿ ನಾನು ಪರದೆ ನೋಡುತ್ತಿದ್ದೆ. ನೋಡಲು ಬೇರೆ ಏನೂ ಇರಲಿಲ್ಲ. ನಲವತ್ತಮೂರು ಹೆಸರು. ಮೇಲಿಂದ ಕೆಳಗೆ ಓದಿದೆ, ಮತ್ತೆ ಓದಿದೆ. ಆಗ ತಿಳಿಯಿತು: ಅದರಲ್ಲಿ ನಾನೂ ಇಲ್ಲ, ಕಾಕಾನೂ ಇಲ್ಲ. ಆಳುಗಳ ಹಾಜರಿ ಅದು, ನಾವು ಆಫೀಸಿನವರು. ಯಾವ ಸೂತ್ರ ಹಾಕಿದರೂ ನಾವಿಬ್ಬರು ಅದರಲ್ಲಿ ಸಿಗುತ್ತಿರಲಿಲ್ಲ. ಫೋನು ಕೈಕೊಟ್ಟಿದ್ದರೆ ನಾವು ಒಳಗಿದ್ದೇವೆಂದು ಹೇಳಲು ಒಂದು ಗೆರೆಯೂ ಇರಲಿಲ್ಲ. ಪರದೆ ಕಪ್ಪಾಯಿತು. ಬ್ಯಾಟರಿ ಮುಗಿದಿತ್ತು.

ಕ್ಯಾನಿನ ತಳದ ನೀರನ್ನು ಕಾಕಾ ನನ್ನ ವೇಲಿಗೆ ಸುರಿದರು. ತಮ್ಮ ಟವೆಲಿಗೆ ಇನ್ನೂ ಹಸಿ ಇದೆ ಅಂದರು. ಮುಟ್ಟಿ ನೋಡಲು ಬಿಡಲಿಲ್ಲ.

ಅಗ್ನಿಶಾಮಕದವರಿಗೆ ಮೂವರೂ ನಾಲ್ಕನೇ ಕೋಣೆಯಲ್ಲೇ ಸಿಕ್ಕರು. ಹೊರಗಿನ ಬಿಸಿಲಿಗೆ ಬೇಸತ್ತು, ತಂಪಿನಲ್ಲಿ ಉಣ್ಣೋಣವೆಂದು ರೊಟ್ಟಿ ಗಂಟು ಮಾತ್ರ ತೆಗೆದುಕೊಂಡು ಡಬ್ಬಿಗಳ ಹಿಂದೆ ಕೂತಿದ್ದರಂತೆ. ವಾಸನೆ ಬಂದಾಗ ಬಾಗಿಲು ತೆರೆದಿದ್ದಾರೆ, ಉಸಿರು ಕಟ್ಟಿ ಮತ್ತೆ ಮುಚ್ಚಿಕೊಂಡಿದ್ದಾರೆ, ಸಂದಿಗೆ ಸೆರಗು ತುರುಕಿದ್ದಾರೆ. ಆಮೇಲೆ ಬಾಗಿಲು ಬಡಿದಿದ್ದಾರೆ. ಆ ಬಾಗಿಲು ಅಂಗೈಯಗಲ ದಪ್ಪ; ತಂಪನ್ನು ಹಿಡಿದಿಡುವಂಥದ್ದು ಸಪ್ಪಳವನ್ನೂ ಹಿಡಿದಿಟ್ಟಿತ್ತು. ಒಬ್ಬಾಕೆಗೆ ಪ್ರಜ್ಞೆ ಇರಲಿಲ್ಲ. ಒಳಗೆ ಬೇರೆ ಯಾರೂ ಇಲ್ಲ ಎಂದಾಗಿದ್ದರೆ ನಮ್ಮಿಬ್ಬರನ್ನು ತೆಗೆದು, ವಾಲ್ವ್ ಮುಚ್ಚಿ, ಗ್ಯಾಸು ಇಳಿಯಲೆಂದು ಮಾರನೆಯ ದಿನದವರೆಗೆ ಬೀಗ ಹಾಕುವ ವಿಚಾರ ನಡೆದಿತ್ತು ಎಂದು ಮ್ಯಾನೇಜರ್ ಆಮೇಲೆ ಹೇಳಿದರು.

ನಮ್ಮನ್ನು ಎರಡನೇ ಗಾಡಿಯವರು ಕಿಟಕಿಯಿಂದ ತೆಗೆದರು. ಕಾಕಾ ಅವರನ್ನು ಹೊತ್ತುಕೊಂಡು ಹೋಗಬೇಕಾಯಿತು. ಅವರ ಟವೆಲು ಪೂರ್ತಿ ಒಣಗಿತ್ತು.

ಆಸ್ಪತ್ರೆಯಲ್ಲಿ ಸಿಂದಗಿಯ ಆ ಮೂವರನ್ನು ನೋಡಲು ಹೋದಾಗ ಪ್ರಜ್ಞೆ ತಪ್ಪಿದ್ದಾಕೆ ಕೂತು ಚಹಾ ಕುಡಿಯುತ್ತಿದ್ದಳು. ದನಿ ಒಡೆದಿತ್ತು.

“ಬುತ್ತಿ ಉಣ್ಣಾಕ ಒಳಗ ಕುಂತಿದ್ದಕ್ಕ ಪಗಾರ ಕಟ್ ಮಾಡ್ತಾರೇನ್ರಿ ಅಕ್ಕಾರ?” ಅಂದಳು.

“ಇಲ್ಲ,” ಅಂದೆ.

“ಮತ್ತ ಯಾಕ ಅಳತೀರಿ?”

ಈಗ ಹಾಳೆ ಬದಲಾಗಿದೆ. ಕಾಕಾ ಆರು ವಾರದ ಮೇಲೆ ಕೆಲಸಕ್ಕೆ ಬಂದರು. ಮಾತಿನ ನಡುವೆ ಕೆಮ್ಮುತ್ತಾರೆ. ಖಾಲಿ ಬಿಡಿ ಎಂದು ನಾನು ಹೇಳಲಿಲ್ಲ, ಅವರಿಂದ ಅದು ಆಗುವುದಿಲ್ಲ. ಗೆರೆಯ ಬದಲು ‘ಒಳಗ’ ಎಂದು ಬರೆಯಲು ಹೇಳಿದೆ. ಅದು ಒಂದೇ ಕೀಲಿ ಒತ್ತಿದರೆ ಬರುವಂತೆ ಮಾಡಿಕೊಟ್ಟೆ. ಮೇಲಿನ ಚೌಕ ಈಗ ಕಳೆಯುವ ಲೆಕ್ಕ ಮಾಡುವುದಿಲ್ಲ. ‘ಒಳಗ’ ಎಂಬುದನ್ನು ಹೆಸರು ಹಿಡಿದು ಕೌಂಟ್‌ಇಫ್ ಎಣಿಸುತ್ತದೆ. ಬೆಳಿಗ್ಗೆ ಎಲ್ಲರೂ ಒಳಗೆ ಹೋದ ಮೇಲೆ ಅದು ಎಷ್ಟು ತೋರಿಸುತ್ತದೆ ಎಂದು ನಾನು ಬಂದು ನೋಡುತ್ತೇನೆ. ಸರಿಯಿದೆಯೋ ಇಲ್ಲವೋ ತಿಳಿಯಲು ಸಂಜೆಗಿಂತ ಅದೇ ಒಳ್ಳೆಯ ಹೊತ್ತು. ಮೊದಲ ಎರಡು ಸಾಲಿನಲ್ಲಿ ನನ್ನ ಹೆಸರು, ಕಾಕಾ ಅವರ ಹೆಸರು.

ಸಂಜೆ ಗಾಡಿಗಳು ಹೊರಟ ಮೇಲೆ ಚೌಕದಲ್ಲಿ ಎರಡು ಉಳಿಯುತ್ತದೆ, ನಾನು, ಕಾಕಾ. ನಾನು ಹೋಗಿ ನಾಲ್ಕನೇ ಕೋಣೆಯ ಬಾಗಿಲು ತೆರೆದು ಡಬ್ಬಿಗಳ ಹಿಂದೆ ನೋಡಿ ಬರುತ್ತೇನೆ. ಕಾಕಾ ನನ್ನ ಹೆಸರಿನ ಮುಂದೆ ಹೊತ್ತು ಬರೆಯುತ್ತಾರೆ, ಪಿ.ಎಂ. ಸೇರಿಸುತ್ತಾರೆ. ಆಮೇಲೆ ತಮ್ಮದು. ಚೌಕ ಸೊನ್ನೆಗೆ ಬರುತ್ತದೆ. ಆದರೆ ಅದನ್ನು ಬರೆದು, ಲ್ಯಾಪ್‌ಟಾಪ್ ಮುಚ್ಚಿ, ಆ ಕಾರಿಡಾರ್ ದಾಟಿ ಬರುವವರೆಗೆ ಅವರು ಇನ್ನೂ ಒಳಗೇ ಇರುತ್ತಾರೆ. ಕೊನೆಯವನ ಹೊತ್ತನ್ನು ನಿಜವಾಗಿ ಬರೆಯಲು ಯಾವ ಹಾಳೆಗೂ ಆಗುವುದಿಲ್ಲ. ನಾನು ಶಟರಿನಾಚೆ ನಿಂತು ಅವರ ಕೆಮ್ಮು ಹತ್ತಿರವಾಗುವುದನ್ನು ಕಾಯುತ್ತೇನೆ.